ಒಂದೇ ಹಗ್ಗ, ಬೇರೆ ಬೇರೆ ಪಾಲು

ಭಾರತಮ್ಮನವರ ಮನೆಯ ಕಡ್ಡಿ ಪೊರಕೆ ದಿನದಿಂದ ದಿನಕ್ಕೆ ಸೊರಗುತ್ತಾ ಬಂತು. ಸಂಕ್ರಾಂತಿಗೆ ಕಟ್ಟಿದ ಹೊಸ ಪೊರಕೆ ಅದು. ಆಗ ಮುಷ್ಟಿಗೆ ಸಿಗದಷ್ಟು ದಪ್ಪವಿತ್ತು. ಈಗ ಅಂಗಳ ಗುಡಿಸಿದರೆ ಅರ್ಧ ಕಸ ಅಲ್ಲೇ ಉಳಿಯುತ್ತಿತ್ತು. ಹೆಗ್ಗಣದ ಕೆಲಸವಿರಬೇಕು ಎಂದು ಮೊದಲು ಅಂದುಕೊಂಡರು. ಆದರೆ ಹೆಗ್ಗಣ ಕಡ್ಡಿಗಳನ್ನು ಹತ್ತು ಹತ್ತಾಗಿ ಎಣಿಸಿ ರಬ್ಬರ್ ಬ್ಯಾಂಡ್ ಹಾಕುವುದಿಲ್ಲ.

ಹಿತ್ತಲಿನ ಒಗೆಯುವ ಕಲ್ಲಿನ ಹಿಂದೆ ಮೊಮ್ಮಗಳು ಮಾನಸ ಸಿಕ್ಕಿಬಿದ್ದಳು.

“ಏನೇ ಮಾಡ್ತಿದ್ದೀಯ ಅಲ್ಲಿ?”

“ಸಾವಿರ ಮಾಡ್ತಿದ್ದೀನಿ ಅಜ್ಜಿ.”

“ಏನು ಸಾವಿರ?”

“ಕಡ್ಡಿ. ಹತ್ತು ಕಡ್ಡಿಗೆ ಒಂದು ಕಟ್ಟು. ಹತ್ತು ಕಟ್ಟಿಗೆ ನೂರು. ಅಂಥ ಹತ್ತು ನೂರು ಒಟ್ಟಿಗೆ ಕಟ್ಟಬೇಕು. ಸಾವಿರ ಅಂದ್ರೆ ಎಷ್ಟು ದಪ್ಪ ಇರುತ್ತೆ ಅಂತ ಆಶಾರಾಣಿ ಮಿಸ್ ಕೇಳಿದ್ರು. ನಮ್ಮ ಕ್ಲಾಸಲ್ಲಿ ಯಾರೂ ನೋಡಿಲ್ಲ.”

“ಅದನ್ನ ನೋಡೋಕೆ ನಮ್ಮನೆ ಪೊರಕೆನೇ ಬೇಕಿತ್ತಾ?”

“ಎಲ್ಲರ ಮನೆಯಿಂದಲೂ ತರ್ತಾರೆ ಅಜ್ಜಿ. ನಮ್ಮನೇದು ಬರೀ ನೂರು.”

“ಬರೀ ನೂರಂತೆ! ಊರಲ್ಲಿರೋ ಪೊರಕೆನೆಲ್ಲ ಬೋಳಿಸಿ ಇವರು ಲೆಕ್ಕ ಕಲೀತಾರಂತೆ!”

ಬೈದರೂ ಭಾರತಮ್ಮನವರ ತುಟಿಯ ಅಂಚಿನಲ್ಲಿ ನಗು ಇತ್ತು. ಆದರೆ ಮನಸ್ಸಿನೊಳಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಮಾನಸ ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಒಂದು ವಾರ ಹುಣಸೆ ಬೀಜ ಬೇಕೆನ್ನುತ್ತಾಳೆ, ಇನ್ನೊಂದು ವಾರ ಸೋಡಾ ಬಾಟಲಿಯ ಮುಚ್ಚಳ, ಆಮೇಲೆ ಹಳೇ ಕ್ಯಾಲೆಂಡರು, ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ. ಶಾಲೆಗೆ ಹೋಗುತ್ತಾಳೋ ಗುಜರಿ ಅಂಗಡಿಗೆ ಹೋಗುತ್ತಾಳೋ ತಿಳಿಯದು. ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಅಂಕಿಗಿಂತ ಚಿತ್ರವೇ ಹೆಚ್ಚು.

ಪಕ್ಕದ ಮನೆಯ ಅನಸೂಯಮ್ಮನ ಮೊಮ್ಮಗ ಗೋಪಿಯದು ಬೇರೆ ದಾರಿ. ಅವನೂ ನಾಲ್ಕನೇ ಕ್ಲಾಸೇ. ಬೆಳಿಗ್ಗೆ ಊರಿನ ಗೇಟಿಗೆ, ಅಂದರೆ ರಸ್ತೆಯ ತಿರುವಿಗೆ, ಬರುವ ಹಳದಿ ವ್ಯಾನು ಹತ್ತಿ ಮಾಲೂರಿನ ಖಾಸಗಿ ಶಾಲೆಗೆ ಹೋಗುತ್ತಾನೆ. ಸಂಜೆ ಜಗಲಿಯ ಮೇಲೆ ಕುಳಿತು ಇಪ್ಪತ್ತರವರೆಗೆ ಮಗ್ಗಿ ಹೇಳುತ್ತಾನೆ. ಅವನ ದನಿ ಬೀದಿಯ ಕೊನೆಯವರೆಗೆ ಕೇಳುತ್ತದೆ. “ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು” ಎಂದು ಅವನು ಶುರು ಮಾಡಿದರೆ ಭಾರತಮ್ಮನವರಿಗೆ ಆಸೆಯೂ ಆಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು.

ಮಗ ಅನಿಲ್‌ಕುಮಾರ್ ಕೋಲಾರದ ಮಾರ್ಕೆಟ್ಟಿಗೆ ತರಕಾರಿ ಸಾಗಿಸುವ ಟೆಂಪೋ ಓಡಿಸುತ್ತಾನೆ. ಅಂದು ಊಟಕ್ಕೆ ಕುಳಿತಾಗ ಅವನೇ ಮಾತು ತೆಗೆದ.

“ಅಮ್ಮ, ಮಾಲೂರಿನ ಸ್ಕೂಲಲ್ಲಿ ಮುಂದಿನ ವರ್ಷದ ಅಡ್ಮಿಷನ್ ಶುರುವಾಗಿದೆ. ನೀನು ಹೂಂ ಅಂದ್ರೆ ಸೋಮವಾರ ಹೋಗಿ ಮಾನಸನ ಹೆಸರು ಬರೆಸಿ ಬರ್ತೀನಿ.”

ಭಾರತಮ್ಮ ಮುದ್ದೆ ಮುರಿಯುತ್ತಾ ಹೇಳಿದರು, “ಬರೆಸು. ಇಲ್ಲಿ ಬರೀ ಆಟ ಆಡಿಸ್ತಾರೆ.”

ಬಡಿಸುತ್ತಿದ್ದ ಸೊಸೆ ರಜನಿಯ ಸೌಟು ಅಲ್ಲೇ ನಿಂತಿತು. “ಅತ್ತೆ, ಹೋದ ವರ್ಷ ನೆನಪಿದೆಯಾ? ಲೆಕ್ಕದ ಪರೀಕ್ಷೆ ಅಂದ್ರೆ ಇವಳಿಗೆ ಹೊಟ್ಟೆನೋವು ಬರ್ತಿತ್ತು. ಐವತ್ತೆರಡರಲ್ಲಿ ಮೂವತ್ತೆಂಟು ಕಳೆ ಅಂದ್ರೆ ಇಪ್ಪತ್ತಾರು ಅಂತ ಬರೀತಿದ್ಲು.”

“ಈಗ?”

“ಈಗ ಕೇಳಿ ಅವಳನ್ನ.”

ಮಾನಸ ಬಾಯಿ ತುಂಬಾ ಮುದ್ದೆ ಇಟ್ಟುಕೊಂಡೇ ಹೇಳಿದಳು, “ಹದಿನಾಲ್ಕು. ಎರಡು ಬಿಡಿ ಕಡ್ಡಿಯಲ್ಲಿ ಎಂಟು ಕೊಡೋಕಾಗಲ್ಲ ಅಲ್ವಾ? ಅದಕ್ಕೆ ಒಂದು ಹತ್ತರ ಕಟ್ಟು ಬಿಚ್ಚಬೇಕು. ಆಗ ಹನ್ನೆರಡು ಬಿಡಿ ಆಗುತ್ತೆ, ಕಟ್ಟು ನಾಲ್ಕೇ ಉಳಿಯುತ್ತೆ.”

“ನೋಡಿದ್ರಾ?” ಅಂದಳು ರಜನಿ.

“ಪರೀಕ್ಷೆ ಹಾಲಿಗೆ ಪೊರಕೆ ಹೊತ್ಕೊಂಡು ಹೋಗ್ತಾಳಾ?” ಎಂದರು ಭಾರತಮ್ಮ.

ಅನಿಲ್‌ಕುಮಾರ್ ಜೋರಾಗಿ ನಕ್ಕ. ಮಾನಸ ನಗಲಿಲ್ಲ. “ಆ ಸ್ಕೂಲಲ್ಲೂ ಕಡ್ಡಿ, ಬೀಜ ಎಲ್ಲ ಇರುತ್ತಾ ಅಪ್ಪ?” ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. “ಅಲ್ಲಿ ಓದಿಸ್ತಾರೆ ಕಣಮ್ಮ” ಎಂದ. ಅವಳು ತಟ್ಟೆ ತೊಳೆಯಲು ಎದ್ದು ಹೋದಳು.

ಆ ಮನೆಯಲ್ಲಿ ಭಾರತಮ್ಮ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಶನಿವಾರ ಶಾಲೆಗೆ ಹೋಗಿ ಟೀಚರಿಗೆ ಒಂದು ಮಾತು ತಿಳಿಸಿ ಬರುವುದು, ಸೋಮವಾರ ಮಾಲೂರಿಗೆ ಹೋಗುವುದು ಎಂದು ತೀರ್ಮಾನವಾಯಿತು.

ಇದರ ನಡುವೆ ಭಾರತಮ್ಮನವರಿಗೆ ಇನ್ನೊಂದು ತಲೆನೋವು ಹತ್ತಿಕೊಂಡಿತ್ತು. ಅದು ಸಂಘದ ಹೊಲದ್ದು.

ಅವರ ಊರು ಹುಣಸೆಕುಂಟೆ, ಮಾಸ್ತಿಗೆ ಹತ್ತಿರ. ಊರಿನ ಕೋದಂಡರಾಮಪ್ಪನವರು ಬೋರ್‌ವೆಲ್ ಪಕ್ಕದ ತುಂಡು ಹೊಲವನ್ನು ಸೊಪ್ಪು ಬೆಳೆಯಲೆಂದು ಮಹಿಳಾ ಸಂಘಕ್ಕೆ ಬಿಟ್ಟುಕೊಟ್ಟಿದ್ದರು. ಸಂಘದಲ್ಲಿ ಭಾರತಮ್ಮನವರೇ ಹಿರಿಯರು. ಪಾಲು ಹಾಕುವ ಕೆಲಸ ಅವರ ಮೇಲೆ ಬಿತ್ತು. ಯಾರಿಗೂ ಹೆಚ್ಚು ಕಡಿಮೆ ಆಗಬಾರದೆಂದು ಅವರು ಒಂದು ಉಪಾಯ ಮಾಡಿದರು. ಹಳೆಯ ಬಾವಿಯ ಹಗ್ಗವನ್ನು ಇಪ್ಪತ್ನಾಲ್ಕು ಮಾರು ಅಳೆದು ಎರಡು ತುದಿ ಸೇರಿಸಿ ಗಂಟು ಹಾಕಿದರು. ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಆ ಹಗ್ಗದ ಬಳೆಯನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ಗೂಟ ಹೊಡೆದರೆ ಒಬ್ಬರ ಪಾಲು. ಎಲ್ಲರಿಗೂ ಅದೇ ಹಗ್ಗ. ಹೊಲದ ನಡುವೆ ಜಾಗ ಅಗಲವಾಗಿತ್ತು, ಅಲ್ಲಿ ಪಾಲುಗಳು ಚೌಕವಾಗಿ ಬಂದವು. ಬದುವಿನ ಪಕ್ಕ ಜಾಗ ಇಕ್ಕಟ್ಟು, ಅಲ್ಲಿ ಬಂದದ್ದು ಉದ್ದನೆಯ ಪಟ್ಟಿ. ಆ ಪಟ್ಟಿ ಅನಸೂಯಮ್ಮನ ಪಾಲಿಗೆ ಬಿತ್ತು.

“ಹಗ್ಗ ಒಂದೇ ಆದ್ಮೇಲೆ ಆಕಾರ ಏನಾದ್ರೇನು?” ಎಂದಿದ್ದರು ಭಾರತಮ್ಮ. ಸಂಘದವರೆಲ್ಲ ತಲೆಯಾಡಿಸಿದ್ದರು. ಅನಸೂಯಮ್ಮನೂ ತಲೆಯಾಡಿಸಿದ್ದಳು.

ದಂಟಿನ ಸೊಪ್ಪು ಬಂತು, ಕೊಯ್ದರು. ಆಗ ಶುರುವಾಯಿತು ರಗಳೆ.

“ಅಕ್ಕಾ, ನಿನಗೆ ಹತ್ತು ಕಟ್ಟು ಬಂದ್ರೆ ನನಗೆ ಆರೂ ಬರಲ್ಲ. ಇದೇನು ನ್ಯಾಯ?” ಎಂದಳು ಅನಸೂಯಮ್ಮ.

“ನೀರು ಸರಿಯಾಗಿ ಕಟ್ಟಿದ್ರೆ ಬರುತ್ತೆ. ನೀನು ಗೊಂಬೆ ಥರ ಬದು ಮೇಲೆ ಕೂತು ಫೋನ್ ನೋಡ್ತಿದ್ರೆ ಎಲ್ಲಿಂದ ಬರುತ್ತೆ?”

“ಅಬ್ಬೋ! ನಾನು ಮೈಮುರಿದು ದುಡಿಯೋದು ನಿನಗೆ ಕಾಣಲ್ವಾ? ನಿನ್ನ ಹಗ್ಗದಲ್ಲೇ ಏನೋ ಇದೆ ಬಿಡು.”

“ನನ್ನ ಹಗ್ಗದಲ್ಲಿ ಏನಿದೆಯೇ? ಎಲ್ಲರ ಎದುರಿಗೆ ಅಳೆದಿದ್ದೀನಿ!”

ಮತ್ತೆ ಅಳೆದರು. ಹಗ್ಗ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಬರಲಿಲ್ಲ. ಭಾರತಮ್ಮ ಗೆದ್ದರು. ಆದರೆ ಅನಸೂಯಮ್ಮ ಅಂದಿನಿಂದ ಮಾತು ಬಿಟ್ಟಳು. ಗೋಡೆಯ ಮೇಲಿಂದ ಒಗ್ಗರಣೆಗೆ ಕರಿಬೇವು ಕೇಳುವುದನ್ನೂ ಬಿಟ್ಟಳು.

ಶನಿವಾರ ಬೆಳಿಗ್ಗೆ ಭಾರತಮ್ಮ ತಲೆ ಬಾಚಿ, ಮಡಿಸಿಟ್ಟ ಸೀರೆ ಉಟ್ಟು ಶಾಲೆಗೆ ಹೊರಟರು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹದ ಮಾಡಿಕೊಂಡರು. ಆಶಾರಾಣಿ ಟೀಚರ್ ಆಂಧ್ರದ ಗಡಿಯ ನಂಗಲಿ ಕಡೆಯವರು. ಮಾತಿನ ನಡುವೆ ತೆಲುಗು ನುಸುಳುತ್ತದೆ. ಒಳ್ಳೆಯ ಹೆಣ್ಣುಮಗಳು. ನೋಯಿಸಬಾರದು. ಆದರೆ ಹೇಳಲೇಬೇಕು.

ಬಾಗಿಲಲ್ಲಿ ನಿಂತು ನೋಡಿದರೆ ಕೋಣೆಯಲ್ಲಿ ಒಂದು ಬೆಂಚೂ ಜಾಗದಲ್ಲಿಲ್ಲ. ಎಲ್ಲವನ್ನೂ ಗೋಡೆಗೆ ಒತ್ತರಿಸಿದ್ದರು. ನಾಲ್ಕು ಮತ್ತು ಐದನೇ ಕ್ಲಾಸಿನ ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕುಳಿತಿದ್ದರು. ಗುಂಪಿಗೊಂದು ದಾರದ ಬಳೆ. ರಟ್ಟಿನಿಂದ ಕತ್ತರಿಸಿದ, ನಾಲ್ಕು ಬೆರಳಗಲದ ಚೌಕಗಳ ರಾಶಿ.

“ಬನ್ನಿ ಅಜ್ಜಿ, ಬನ್ನಿ!” ಎಂದರು ಆಶಾರಾಣಿ.

“ಒಂದು ಮಾತು ಹೇಳಬೇಕಿತ್ತಮ್ಮ. ಮಾನಸನ ವಿಷಯ.”

“ಖಂಡಿತ ಕೇಳ್ತೀನಿ. ಈ ಪಾಠ ಅರ್ಧದಲ್ಲಿದೆ, ಮುಗಿಸಿ ಕೂತು ಮಾತಾಡೋಣ. ಅಲ್ಲಿವರೆಗೆ ಕೂತ್ಕೊಳ್ಳಿ.”

ಕುರ್ಚಿ ತಂದುಕೊಟ್ಟರು. ಭಾರತಮ್ಮ ಕುಳಿತರು.

“ಎಲ್ಲ ಗುಂಪಿನ ದಾರವೂ ಒಂದೇ ಉದ್ದ, ಸರಿನಾ? ರಟ್ಟಿನ ಚೌಕದ ಬದಿಯಿಂದ ಅಳೆದ್ರೆ ಇಪ್ಪತ್ನಾಲ್ಕು ಬರುತ್ತೆ. ಇದರಲ್ಲಿ ನಾಲ್ಕು ಮೂಲೆಯ ಆಕಾರ ಮಾಡಿ. ಉದ್ದ ಮಾಡ್ತೀರೋ, ಚೌಕ ಮಾಡ್ತೀರೋ ನಿಮ್ಮಿಷ್ಟ. ಒಳಗೆ ರಟ್ಟು ತುಂಬಿಸಿ. ತುಂಬಿಸೋಕೆ ಮುಂಚೆ ಹೇಳಿ, ಯಾರಿಗೆ ಹೆಚ್ಚು ರಟ್ಟು ಬೇಕಾಗುತ್ತೆ?”

“ಎಲ್ಲರಿಗೂ ಒಂದೇ ಮಿಸ್!” ಎಂದು ಬಹಳ ಮಂದಿ ಕೂಗಿದರು.

“ಒಂದೇ ಬರುತ್ತೆ, ಇನ್ನೇನು? ದಾರ ಒಂದೇ ತಾನೆ?” ಎಂದುಬಿಟ್ಟರು ಭಾರತಮ್ಮ. ಕುರ್ಚಿಯಲ್ಲಿ ಸುಮ್ಮನೆ ಕೂರುವುದು ಅವರಿಗೆ ಬಾರದು.

ಆಶಾರಾಣಿ ತಿರುಗಿ ನಕ್ಕರು. “ನಾನು ಹೇಳಲ್ಲ ಅಜ್ಜಿ. ನೀವೇ ಇಟ್ಟು ಚೂಡಂಡಿ, ಇಟ್ಟು ನೋಡಿ.”

ಮಕ್ಕಳು ಕೇಕೆ ಹಾಕಿದರು. ಒಬ್ಬಳು ಹುಡುಗಿ ಅವರ ಮುಂದೆ ದಾರವನ್ನೂ ರಟ್ಟನ್ನೂ ತಂದಿಟ್ಟೇಬಿಟ್ಟಳು. ಇನ್ನೇನು ಮಾಡುವುದು? ಭಾರತಮ್ಮ ಸೆರಗು ಸಿಕ್ಕಿಸಿ ನೆಲಕ್ಕೆ ಕುಳಿತರು. ದಾರವನ್ನು ಉದ್ದಕ್ಕೆ ಎಳೆದು ಮೂಲೆಗೊಂದು ಕಲ್ಲಿಟ್ಟರು. ಆ ಕಡೆ ಹತ್ತು, ಈ ಕಡೆ ಎರಡು. ರಟ್ಟು ಜೋಡಿಸಿದರು. ಎರಡು ಸಾಲು, ಸಾಲಿಗೆ ಹತ್ತು.

“ಇಪ್ಪತ್ತು” ಎಂದರು.

“ನಮ್ಮದು ಇಪ್ಪತ್ತೇಳು!” ಎಂದಿತು ಕಿಟಕಿಯ ಪಕ್ಕದ ಗುಂಪು. ಅವರದು ಉದ್ದ ಒಂಬತ್ತು, ಅಗಲ ಮೂರು.

“ಎಂಟಕ್ಕೆ ನಾಲ್ಕು ಇಟ್ವಿ ಮಿಸ್, ಮೂವತ್ತೆರಡು!”

“ಅಜ್ಜಿ, ನಮ್ಮದು ಮೂವತ್ತಾರು” ಎಂದಳು ಮಾನಸ. ಅವಳ ಗುಂಪು ಆರಕ್ಕೆ ಆರು ಚೌಕ ಹಾಕಿತ್ತು.

“ಸುಳ್ಳು. ನೀವು ದಾರ ಎಳೆದಿದ್ದೀರ” ಎಂದರು ಭಾರತಮ್ಮ.

“ನೀವೇ ಅಳೀರಿ ಅಜ್ಜಿ!”

ಅವರು ಮಂಡಿಯೂರಿಕೊಂಡು ಆ ಕಡೆಗೆ ಹೋದರು. ಮಾನಸಳ ದಾರ ತೆಗೆದು ತಮ್ಮ ದಾರದ ಪಕ್ಕ ಹಿಡಿದರು. ಎರಡೂ ಒಂದೇ. ರಟ್ಟು ಎಣಿಸಿದರು. ಮೂವತ್ತಾರು. ಮತ್ತೆ ತಮ್ಮ ಜಾಗಕ್ಕೆ ಬಂದು ಎಣಿಸಿದರು. ಇಪ್ಪತ್ತು. ಉದ್ದನೆಯ ಪಟ್ಟಿಯೊಳಗೆ ಇನ್ನೊಂದು ರಟ್ಟು ತುರುಕಲು ನೋಡಿದರು. ಅದು ಹಿಡಿಯಲಿಲ್ಲ.

ಅವರ ಕೈ ಅಲ್ಲೇ ನಿಂತಿತು.

ಕಣ್ಣೆದುರಿಗಿದ್ದದ್ದು ದಾರವಲ್ಲ. ಬದುವಿನ ಪಕ್ಕದ ಆ ಪಟ್ಟಿ. ಅಲ್ಲಿಯೂ ಉದ್ದ ಹತ್ತು ಮಾರು, ಅಗಲ ಎರಡು ಮಾರು. ತಮ್ಮ ಪಾಲು ಆರಕ್ಕೆ ಆರು. ಎಲ್ಲರ ಎದುರಿಗೆ ಅಳೆದು ಹಾಕಿದ ಪಾಲು.

“ಟೀಚರಮ್ಮ,” ಎಂದರು ಮೆಲ್ಲಗೆ, “ದಾರದಲ್ಲಿ ಆಗೋದು ಹಗ್ಗದಲ್ಲೂ ಆಗುತ್ತಾ?”

“ಆಗುತ್ತೆ ಅಜ್ಜಿ. ಹಗ್ಗ ಸುತ್ತಳತೆ ಹೇಳುತ್ತೆ. ಒಳಗೆ ಎಷ್ಟು ಜಾಗ ಇದೆ ಅನ್ನೋದು ಬೇರೆ ಲೆಕ್ಕ. ಅದು ವಿಸ್ತೀರ್ಣ. ಇದನ್ನ ನಾನು ಬೋರ್ಡ್ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ರೆ ಮಕ್ಕಳು ಒಪ್ಪಿಸ್ತಾರೆ. ಆದ್ರೆ ನಂಬಲ್ಲ. ಈಗ ಕೈಯಾರೆ ಇಟ್ಟು ನೋಡಿದ್ರು, ಮರೆಯಲ್ಲ.” ಆಶಾರಾಣಿ ಮುಂದುವರಿಸಿದರು, “ಈ ಪ್ರಶ್ನೆ ನನ್ನದಲ್ಲ. ನಿಮ್ಮ ಮೊಮ್ಮಗಳದ್ದು. ‘ಹಗ್ಗ ಒಂದೇ ಆದ್ರೂ ಅನಸೂಯಮ್ಮಜ್ಜಿಗೆ ಯಾಕೆ ಕಡಿಮೆ ಸೊಪ್ಪು?’ ಅಂತ ಮೊನ್ನೆ ಕೇಳಿದ್ಲು. ನೋಡೋಣ ಬಾ ಅಂದೆ.”

ಭಾರತಮ್ಮ ಮೊಮ್ಮಗಳ ಕಡೆ ನೋಡಿದರು. ಅವಳು ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ರಟ್ಟು ಜೋಡಿಸುತ್ತಿದ್ದಳು.

“ಮನೆಯಲ್ಲಿ ನನ್ನ ಯಾಕೆ ಕೇಳಲಿಲ್ವೇ?”

“ನೀವು ಬಯ್ತೀರ ಅಂತ.”

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಭಾರತಮ್ಮನವರಿಗೂ ನಗು ತಡೆಯಲಾಗಲಿಲ್ಲ.

ಮಕ್ಕಳು ಹೊರಗೆ ಹೋದ ಮೇಲೆ ಟೀಚರ್ ಪಕ್ಕದಲ್ಲಿ ಬಂದು ಕುಳಿತರು. ಭಾರತಮ್ಮ ಮನಸ್ಸಿನಲ್ಲಿದ್ದ ಅನುಮಾನವನ್ನು ಬಚ್ಚಿಡಲಿಲ್ಲ. “ಪುಸ್ತಕದಲ್ಲಿ ಬರೆಯೋದೇ ಕಡಿಮೆಯಲ್ಲಮ್ಮ. ಮಗ್ಗಿ ಹೇಳ್ಸಲ್ವಾ? ಪಕ್ಕದ ಮನೆ ಹುಡುಗ ಇಪ್ಪತ್ತರವರೆಗೂ ಹೇಳ್ತಾನೆ.”

“ಮಗ್ಗಿ ಬೇಕೇ ಬೇಕು ಅಜ್ಜಿ. ನಾವೂ ಹೇಳಿಸ್ತೀವಿ, ದಿನಾ. ಆದ್ರೆ ಆರಾರ್ಲ ಮೂವತ್ತಾರು ಅಂದ್ರೆ ಆರು ಸಾಲು, ಸಾಲಿಗೆ ಆರು ಅನ್ನೋದು ಮಗುವಿನ ಕಣ್ಣಿಗೆ ಕಾಣಬೇಕು. ಮೊದಲು ಕೈಯಲ್ಲಿ ಮುಟ್ಟಬೇಕು. ಆಮೇಲೆ ಚಿತ್ರ ಬರೀಬೇಕು. ಆಮೇಲೆ ಅಂಕಿ. ಮಾನಸನ ಪುಸ್ತಕದಲ್ಲಿ ಚಿತ್ರ ನೋಡಿರ್ತೀರ. ಅದರ ಕೆಳಗೆ ಲೆಕ್ಕ ಇರುತ್ತೆ, ಪುಟ ಪೂರ್ತಿ ನೋಡಿ.”

“ನಾನು ಪುಟದ ಮೇಲ್ಭಾಗ ಮಾತ್ರ ನೋಡಿದ್ದು.”

“ಇನ್ನೊಂದು ಮಾತು. ಕಡ್ಡಿ, ಬೀಜ ಯಾವಾಗ್ಲೂ ಇರಲ್ಲ. ಅರ್ಥ ಆದ್ಮೇಲೆ ಮಕ್ಕಳೇ ಬಿಟ್ಟುಬಿಡ್ತಾರೆ. ನಡೆಯೋಕೆ ಬಂದ ಮಗು ಗೋಡೆ ಹಿಡಿಯಲ್ವಲ್ಲ, ಹಾಗೆ.” ಆಮೇಲೆ ಕೇಳಿದರು, “ಮಾನಸನ ವಿಷಯ ಏನೋ ಹೇಳಬೇಕಿತ್ತು ಅಂದ್ರಲ್ಲ?”

ದಾರಿಯುದ್ದಕ್ಕೂ ಹದ ಮಾಡಿಟ್ಟ ಮಾತನ್ನು ಭಾರತಮ್ಮ ಅಲ್ಲೇ ಬಿಟ್ಟರು. “ನಾಳೆ ಸೊಪ್ಪಿನ ಹೊಲಕ್ಕೆ ಈ ಮಕ್ಕಳನ್ನ ಕಳಿಸ್ತೀರಾ?” ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಕಳಿಸುವ ಅಗತ್ಯವೇ ಬೀಳಲಿಲ್ಲ. ಮಕ್ಕಳು ತಾವಾಗಿಯೇ ಬಂದರು. ಟೀಚರ್ ಕೂಡ ಬಂದರು. ಸೊಪ್ಪು ಕಿತ್ತು ಮುಗಿದಿತ್ತು, ಮತ್ತೆ ಬಿತ್ತಲು ಹೊಲ ಹದ ಮಾಡಿ ಬಿಟ್ಟಿದ್ದರು. ಸಂಘದವರೆಲ್ಲ ಬದುವಿನ ಮೇಲೆ ಸೇರಿದರು. ಅನಸೂಯಮ್ಮ ಸ್ವಲ್ಪ ದೂರದಲ್ಲಿ ಗೋಪಿಯ ಕೈ ಹಿಡಿದು ನಿಂತಿದ್ದಳು, ಮುಖ ಆ ಕಡೆಗೆ.

ಮಾರುದ್ದದ ಬಿದಿರಿನ ಗಳ ಹಿಡಿದು ದೊಡ್ಡ ಮಕ್ಕಳು ಅಳೆದರು. ಚಿಕ್ಕವರು ರಂಗೋಲಿ ಪುಡಿಯಲ್ಲಿ ಗೆರೆ ಎಳೆದರು. ಅನಸೂಯಮ್ಮನ ಪಟ್ಟಿಯೂ ಭಾರತಮ್ಮನ ಚೌಕವೂ ಮಾರಿಗೊಂದು ಮನೆಯಾಗಿ, ಕುಂಟೆಬಿಲ್ಲೆ ಆಡುವ ಅಂಗಳದ ಹಾಗೆ ಕಂಡವು.

“ಈಗ ಒಂದು ಮನೆಗೆ ಒಬ್ಬರು ನಿಲ್ಲಿ” ಎಂದರು ಆಶಾರಾಣಿ.

ಮಕ್ಕಳು ಇದ್ದದ್ದು ಇಪ್ಪತ್ತು ಮಂದಿ. ಎಲ್ಲರೂ ಅನಸೂಯಮ್ಮನ ಪಟ್ಟಿಗೆ ಓಡಿದರು. ಪಟ್ಟಿ ಭರ್ತಿಯಾಯಿತು. ಒಂದು ಮನೆಯೂ ಉಳಿಯಲಿಲ್ಲ.

“ಈಗ ಅಜ್ಜಿಯ ಪಾಲಿಗೆ ಹೋಗಿ.”

ಇಪ್ಪತ್ತು ಮಕ್ಕಳೂ ಹೋಗಿ ನಿಂತರು. ಇನ್ನೂ ಎರಡು ಸಾಲು ಬಿಕೋ ಎನ್ನುತ್ತಿತ್ತು, ಮೂರನೆಯದರಲ್ಲೂ ಜಾಗ ಮಿಕ್ಕಿತ್ತು. ರಜನಿ ಚಪ್ಪಲಿ ಬಿಟ್ಟು ಒಂದು ಮನೆಗೆ ಹಾರಿದಳು. ಸಂಘದ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಹಿಡಿದು ಹಾರಿದರು. ಅವರಲ್ಲಿ ಸುನಂದ ಜಾರಿ ಎರಡು ಮನೆಯ ಗೆರೆಯ ಮೇಲೆ ಕುಳಿತಳು. “ಔಟು! ಔಟು!” ಎಂದು ಮಕ್ಕಳು ಕಿರುಚಿದರು. ಟೀಚರೂ ಒಂದು ಮನೆಗೆ ಬಂದು ನಿಂತರು. ಆದರೂ ಖಾಲಿ ಮನೆಗಳು ಉಳಿದವು.

ಅನಸೂಯಮ್ಮ ಮುಖವನ್ನು ಈ ಕಡೆಗೆ ತಿರುಗಿಸಿ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ತೋರಿಸಿ ಕೂಗಿದಳು, “ಅಯ್ಯೋ ಅಕ್ಕಾ! ನನ್ನ ಸೊಪ್ಪು ಅಲ್ಲಿದೆ ನೋಡೇ!”

ಹೊಲವಿಡೀ ನಗೆ ಹರಡಿತು. ಭಾರತಮ್ಮ ಗೆರೆ ದಾಟಿ ಅವಳ ಹತ್ತಿರ ಬಂದರು.

“ನಿನ್ನ ಸೋಮಾರಿ ಅಂದುಬಿಟ್ಟೆ ಕಣೇ. ನೀನು ನನ್ನ ಹಗ್ಗದಲ್ಲೇ ಮೋಸ ಇದೆ ಅಂದೆ. ಇಬ್ಬರದೂ ತಪ್ಪು. ನಾನು ಅಳೆದದ್ದು ಬೇಲಿ. ಸೊಪ್ಪು ಬೆಳೆಯೋದು ಬೇಲಿ ಮೇಲಲ್ಲ.”

“ಹೋಗ್ಲಿ ಬಿಡಕ್ಕ. ನಾನೂ ಆವತ್ತು ತಲೆಯಾಡಿಸಿದ್ದೆ” ಎಂದಳು ಅನಸೂಯಮ್ಮ. “ಈಗೇನು ಮಾಡೋದು ಹೇಳು.”

ಮಾನಸ ಬದುವಿನ ಕಡೆಗೆ ಓಡಿದಳು. “ಪಟ್ಟಿ ಅಗಲ ಆಗಲ್ಲ ಅಜ್ಜಿ, ಆ ಕಡೆ ಕಾಲುವೆ ಇದೆ. ಉದ್ದಕ್ಕೆ ಬೆಳೆಸಬಹುದು. ಮುಂದೆ ಕಳೆ ಬೆಳೆದಿರೋ ಜಾಗ ಖಾಲಿ ಇದೆಯಲ್ಲ. ಆದ್ರೆ ಎಲ್ಲಿವರೆಗೆ? ಎರಡು ಸಾಲಲ್ಲಿ ಮೂವತ್ತಾರು ಮನೆ ಬರಬೇಕು.”

“ಹದಿನೆಂಟು!” ಎಂದಿತು ಒಂದು ದನಿ. ಎಲ್ಲರೂ ತಿರುಗಿ ನೋಡಿದರು. ಗೋಪಿ. “ಹದಿನೆಂಟೆರಡ್ಲ ಮೂವತ್ತಾರು!”

“ಬಾರೋ ಹಂಗಾದ್ರೆ, ಹದಿನೆಂಟು ಎಲ್ಲಿ ಬರುತ್ತೆ ತೋರಿಸು” ಎಂದಳು ಮಾನಸ.

ಗೋಪಿ ಅಜ್ಜಿಯ ಕೈ ಬಿಡಿಸಿಕೊಂಡು ಇಳಿದ. ಗಳದ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅವಳು. ಕಳೆಯ ನಡುವೆ ಇಬ್ಬರೂ ಎಣಿಸುತ್ತಾ ಹೋದರು. ಹದಿನೆಂಟಕ್ಕೆ ಗೂಟ ಬಿತ್ತು. ಅವನು ಅಲ್ಲಿ ನಿಂತು ಹಿಂದಿರುಗಿ ನೋಡಿದ. ದಿನಾ ಸಂಜೆ ಬಾಯಲ್ಲಿ ಹೇಳುತ್ತಿದ್ದದ್ದು ಇಷ್ಟುದ್ದ ಮಲಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. “ಅಬ್ಬಾ” ಎಂದ.

ಭಾರತಮ್ಮ ಹಳೇ ಹಗ್ಗ ತಂದು ಆ ಹೊಸ ಪಾಲಿನ ಸುತ್ತ ಹಾಸಿ ನೋಡಿದರು. ಅರ್ಧ ದಾರಿ ದಾಟಿ ಸ್ವಲ್ಪ ದೂರಕ್ಕೇ ಹಗ್ಗ ಮುಗಿಯಿತು. ಜಾಗ ಮಾತ್ರ ಇಬ್ಬರದೂ ಸಮ. ಅವರು ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟರು.

ಮನೆಗೆ ಹೋಗುವ ದಾರಿಯಲ್ಲಿ ಅನಸೂಯಮ್ಮ ಟೀಚರನ್ನು ಕೇಳಿದಳು, “ನಮ್ಮ ಗೋಪಿನೂ ನಿಮ್ಮ ಸ್ಕೂಲಿಗೇ ಹಾಕಬೇಕಾ ಏನು?”

“ಅದು ನಿಮ್ಮಿಷ್ಟ ಅಮ್ಮ. ಯಾವ ಸ್ಕೂಲಾದ್ರೂ ಸರಿ, ಲೆಕ್ಕನ ಕೈಯಲ್ಲಿ ಮಾಡಿಸ್ತೀರಾ ಅಂತ ಅವರನ್ನ ಕೇಳಿ. ರಟ್ಟು, ಕಾಳು, ದಾರ ಎಲ್ಲ ಊರಲ್ಲೂ ಸಿಗುತ್ತೆ.”

ಸಂಜೆ ಟೆಂಪೋ ನಿಲ್ಲಿಸಿ ಅನಿಲ್‌ಕುಮಾರ್ ಒಳಗೆ ಬಂದ. ರಜನಿ ನೀರು ಕೊಟ್ಟಳು. ಮಾನಸ ಕಂಬಕ್ಕೆ ಒರಗಿ ನಿಂತು ಅಪ್ಪನ ಮುಖವನ್ನೂ ಅಜ್ಜಿಯ ಮುಖವನ್ನೂ ನೋಡುತ್ತಿದ್ದಳು.

“ನಾಳೆ ಮಾಲೂರಿಗೆ ಹೋಗ್ತೀಯಲ್ಲಪ್ಪ?” ಎಂದರು ಭಾರತಮ್ಮ.

“ಹೂಂನಮ್ಮ. ಹೆಸರು ಬರೆಸಬೇಕಲ್ಲ.”

“ಹೋಗು. ಬರುವಾಗ ಒಂದು ಉದ್ದನೆ ಅಳತೆ ಟೇಪು ತಗೊಂಡು ಬಾ. ಸ್ಕೂಲಿಗೆ ಬೇಕು.”

“ತರ್ತೀನಿ. ಹೆಸರು?”

“ಹೆಸರು ಎಲ್ಲಿದೆಯೋ ಅಲ್ಲೇ ಇರಲಿ.”

ಮಾನಸ ಕಂಬ ಬಿಟ್ಟು ಹಾರಿ ಬಂದು ಅಜ್ಜಿಯ ಸೊಂಟ ತಬ್ಬಿಕೊಂಡಳು. “ಬಿಡೇ, ಸೀರೆ ಜಾರುತ್ತೆ!” ಎಂದು ಭಾರತಮ್ಮ ಗದರಿದರು, ಆದರೆ ಬಿಡಿಸಿಕೊಳ್ಳಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಮಗುವೂ ಶಾಲೆಯಲ್ಲಿ ಕಾಳು ಎಣಿಸುತ್ತಿರಬಹುದು, ಕಾಗದ ಮಡಿಸುತ್ತಿರಬಹುದು, ಬಾಗಿಲು ಅಳೆಯುತ್ತಿರಬಹುದು. ಅದನ್ನು ಆಟವೆಂದು ತಳ್ಳಿಹಾಕುವ ಮೊದಲು ಟೀಚರನ್ನು ಕೇಳಿ, ಒಂದು ಪೀರಿಯಡ್ ಕ್ಲಾಸಿನಲ್ಲಿ ಕುಳಿತು ನೋಡಿ. ಮಗುವಿನ ಪುಸ್ತಕ ತೆಗೆದರೆ ಪುಟವನ್ನು ಪೂರ್ತಿ ಓದಿ. ಮನೆಯಲ್ಲಿಯೂ ಇದಕ್ಕೆ ಬೇರೆ ಸಾಮಾನು ಬೇಡ. ದೋಸೆಯನ್ನು ನಾಲ್ಕು ಭಾಗ ಮಾಡಿ ಅರ್ಧ ಯಾವುದು, ಕಾಲು ಯಾವುದು ಎಂದು ಕೇಳಿ. ಡೇರಿಗೆ ಹಾಲು ಹಾಕುವಾಗ ಅಳತೆ ಪಾತ್ರೆ ಮಗುವಿನ ಕೈಗೆ ಕೊಡಿ. ಅವರೆಕಾಯಿ ಸುಲಿಯುವಾಗ ಕಾಳನ್ನು ಐದೈದಾಗಿ ಸಾಲಿಡಲು ಹೇಳಿ. ಮಗ್ಗಿ ಬಿಡಬೇಡಿ, ಅದರ ಜೊತೆಗೆ ಇದೂ ಇರಲಿ. ಮಗು ತಪ್ಪು ಹೇಳಿದರೆ ಬೈಯಬೇಡಿ. ಬೈದರೆ ಅದರ ಪ್ರಶ್ನೆ ಬಾಯೊಳಗೇ ಉಳಿಯುತ್ತದೆ. ಇವತ್ತು ಸಂಜೆ ನಿಮ್ಮ ಮಗು ಒಂದು ಲೆಕ್ಕಕ್ಕೆ ಉತ್ತರ ಹೇಳಿದಾಗ, ಸರಿಯೋ ತಪ್ಪೋ ಎನ್ನುವ ಮೊದಲು ಪಕ್ಕದಲ್ಲಿ ಕುಳಿತು ಇಷ್ಟು ಮಾತ್ರ ಹೇಳಿ: “ಅದು ಹೇಗೆ ಬಂತು? ನನಗೂ ತೋರಿಸು.”